ನಾಲ್ಕು ಬೆರಳಿನ ದೂರ

ನನ್ನದು ಕನ್ನಡಕದ ಅಂಗಡಿ, ಕಾರವಾರದಲ್ಲಿ,
ಬಸ್ ಸ್ಟ್ಯಾಂಡಿನಿಂದ ಸಮುದ್ರದ ಕಡೆ ನಡೆದರೆ ಎಡಕ್ಕೆ.
ಅಪ್ಪ ಚಿನ್ನ ತೂಗುತ್ತಿದ್ದ ತಕ್ಕಡಿ ಮೊಳೆಗೆ ನೇತುಬಿದ್ದಿದೆ.
ನಾನು ತೂಗುವುದು ಬೆಳಕು.

ಜೋಯಿಡಾದ ಮೊದಲ ಬಸ್ಸಿಗೆ ಘಟ್ಟ ಇಳಿದು ಬಂದ ಬಾಬುಸೋ ವೇಳಿಪ
ಹೆಗಲಿನ ಟವೆಲ್ಲು ಬಿಚ್ಚಿ ಕೌಂಟರಿನ ಮೇಲಿಟ್ಟ.
ಎರಡು ದುರ್ಬೀನು, ಕೋವಿಯ ಬೆನ್ನೇರುವ ಜಾತಿಯವು.
ಒಂದು ಹಳೇ ಹಿತ್ತಾಳೆ, ಮೈತುಂಬ ಗೀರು.
ಇನ್ನೊಂದು ಅಳಿಯ ಬೆಳಗಾವಿಯಿಂದ ತಂದದ್ದು,
ಕಪ್ಪಗೆ ನುಣ್ಣಗೆ, ಒಂಬತ್ತು ಪಟ್ಟು ಹತ್ತಿರ ಮಾಡುವಂಥದು.
"ಯಾವುದು ಒಳ್ಳೇದು ಹೇಳು. ಗಾಜು ನಿನಗೆ ಗೊತ್ತು."

ಯಾತಕ್ಕೆ ಎಂದು ನಾನು ಕೇಳಲಿಲ್ಲ.
ಕೇಳಿದ್ದರೆ ಅವನು ಹೇಳಿಬಿಡುತ್ತಿದ್ದ.
ಹೇಳಿದ ಮೇಲೆ ನನಗೂ ಏನೋ ಒಂದು ಮಾಡಬೇಕಾಗುತ್ತಿತ್ತು.
ಕಡವೆ ಹೊಡೆದವನಿಗೆ ಎಷ್ಟು ವರ್ಷ ಜೈಲು ಎಂಬುದು
ಆ ಕಡೆಯ ಮಕ್ಕಳಿಗೂ ಬಾಯಿಪಾಠ.

ತಾರಸಿಗೆ ಕರೆದೊಯ್ದೆ.
ದೇವಗಡದ ದೀಪಸ್ತಂಭಕ್ಕೆ ಗುರಿಯಿಟ್ಟು
ಹೊಸದರ ಬಳೆ ತಿರುಗಿಸಿದೆ: ಮೂರು, ಐದು, ಒಂಬತ್ತು.
"ನೋಡು, ಹತ್ತಿರ ಮಾಡಿದಷ್ಟೂ ಬೆಳಕು ಕಮ್ಮಿ.
ನಸುಕಿನಲ್ಲಿ, ನೀರಿಗೆ ಇಳಿಯುವ ಹೊತ್ತಿನಲ್ಲಿ,
ಒಂಬತ್ತು ಹಚ್ಚಿದವನಿಗೆ ಕಾಣುವುದು ಬರೀ ಕತ್ತಲೆಯ ತುಂಡು.
ನಾಲ್ಕು ಸಾಕು. ಮುಂದಿನ ಗಾಜು ಅಗಲ ಇರಬೇಕು.
ಕಣ್ಣು ನಾಲ್ಕು ಬೆರಳು ದೂರ ಇರಬೇಕು,
ಇಲ್ಲದಿದ್ದರೆ ಕೋವಿ ಒದ್ದಾಗ..."

ಮಾತು ನಿಲ್ಲಿಸಿದೆ. ಅವನ ಬಲ ಹುಬ್ಬಿನ ಮೇಲೆ
ಅರ್ಧ ಚಂದ್ರ, ಬೆಳ್ಳಗೆ, ತುಂಬ ಹಳೆಯದು.
"ಎಪ್ಪತ್ತೊಂದರಲ್ಲಿ," ಎಂದ, ಮುಟ್ಟಿಕೊಂಡು.
"ಈ ಹಿತ್ತಾಳೆಯದೇ. ಸಾಹೇಬರ ಕೋವಿ, ನನ್ನ ಹೆಗಲು.
ನನಗೂ ರಕ್ತ, ಅದಕ್ಕೂ ರಕ್ತ.
ಅದು ಸಾಯುವ ಮುಂಚೆ ಹತ್ತಿರ ಹೋದೆ. ಇಷ್ಟು ಹತ್ತಿರ."
ನಾಲ್ಕು ಬೆರಳು ತೋರಿಸಿದ.
"ಮೂಗು ಒದ್ದೆ ಇತ್ತು."

ಮಾತು ತಪ್ಪಿಸಲು ನಾನು ದುರ್ಬೀನು ಕೆಳಗೆ ತಿರುಗಿಸಿದೆ.
ರಸ್ತೆ, ಸ್ಕೂಟರು, ಬಾಂಗಡೆ ಬುಟ್ಟಿಯ ಸುತ್ತ ಹೆಂಗಸರು.
ಅಡ್ಡಗೀಟು ಉದ್ದಗೀಟು ಕೂಡುವ ಜಾಗದಲ್ಲಿ
ನನ್ನ ತಂಗಿ ಸುಲಕ್ಷಾ, ಚೌಕಾಸಿ ಮಾಡುತ್ತ,
ಕುತ್ತಿಗೆಯ ಬೆವರು ಸೆರಗಿನಿಂದ ಒರೆಸಿಕೊಂಡಳು.
ಎಷ್ಟು ಸ್ಪಷ್ಟ! ಕಿವಿಯ ಓಲೆಯ ಕೆಂಪು ಹರಳು ಕೂಡ.
ಅವಳಿಗೆ ಗೊತ್ತಿಲ್ಲ.
ನನ್ನ ಕೈ ತಾನಾಗಿ ನಡುಗದೆ ನಿಂತಿತ್ತು,
ಅದೇ ನನಗೆ ಭಯ.

"ಈಗ ನೀನು ನೋಡು," ಎಂದು ಕೊಟ್ಟೆ.
ಬಹಳ ಹೊತ್ತು ನೋಡಿದ. ಬಳೆ ತಿರುಗಿಸಿದ, ಒರೆಸಿದ, ಮತ್ತೆ ನೋಡಿದ.
"ಗಾಜಿನಲ್ಲಿ ಮಂಜು ಇದೆ."
ಹಿತ್ತಾಳೆಯದರಲ್ಲಿ ನೋಡಿದ. "ಇದರಲ್ಲೂ."
ಮಂಜು ಎಲ್ಲಿದೆಯೆಂದು ನನಗೆ ಆಗಲೇ ಗೊತ್ತಾಗಿತ್ತು.
ಬೆಳಿಗ್ಗೆ ಬಾಗಿಲಲ್ಲಿ ನಿಂತಾಗಲೇ ಅವನ ಕಣ್ಣುಗುಡ್ಡೆಯೊಳಗೆ
ಹಾಲು ತೊಟ್ಟಿಕ್ಕಿದ ಹಾಗೆ ಇತ್ತಲ್ಲ.

ಆಸ್ಪತ್ರೆಗೆ ಚೀಟಿ ಬರೆದೆ. ಪೊರೆ ತೆಗೆಸು ಎಂದೆ.
ಓದಲಾರದ ಚೀಟಿಯನ್ನು ಎರಡು ಸಲ ಮಡಚಿ ಜೇಬಿಗೆ ಹಾಕಿ,
"ಯಾವುದು ಒಳ್ಳೇದು ಅಂತ ನೀನು ಹೇಳಲೇ ಇಲ್ಲ," ಎಂದ,
ಎರಡನ್ನೂ ನನ್ನಲ್ಲೇ ಬಿಟ್ಟು ಹೋದ.

ಎರಡು ತಿಂಗಳಾದ ಮೇಲೆ ಬಸ್ ಕಂಡಕ್ಟರ್ ಬಂದು ಒದರಿದ:
"ವೇಳಿಪಜ್ಜನ ಕಣ್ಣು ಬಂತಂತೆ ಸರ್. ಹಿತ್ತಿಲಿಗೆ ಬರುತ್ತವಂತೆ,
ನಾಲ್ಕು ಹೆಣ್ಣು, ಒಂದು ಮರಿ.
ದುರ್ಬೀನು ಬೇಕಂತೆ. ಆ ಅಡ್ಡಗೀಟು ತೆಗೆದು ಕೊಡಿ ಅಂದ."

ತೆಗೆಯಬಹುದು. ಕೂದಲಿಗಿಂತ ಸಣ್ಣ ತಂತಿ ಅದು.
ಆದರೆ ಹೊಸದರ ಕೊಳವೆ ಬಿಚ್ಚಿದರೆ ಒಳಗೆ ತುಂಬಿಟ್ಟ ಒಣಗಾಳಿ ಹೋಗಿ
ಮೊದಲ ಮಳೆಗೇ ಮಂಜು ಹಿಡಿಯುತ್ತದೆ.
ಅಳಿಯನಿಗೆ ಏನು ಹೇಳುವುದು? ಅಳಿಯ ತಂದದ್ದು ಯಾತಕ್ಕೆ?

ಹಿತ್ತಾಳೆಯದನ್ನು ಮೇಜಿನ ದೀಪದಡಿ ಬಿಚ್ಚಿದ್ದೇನೆ.
ಮೂಗುಗುಂಡಿ ಕೂರಿಸುವ ಚಿಮಟ ಕೈಯಲ್ಲಿದೆ.
ತಂತಿಯ ಮೇಲೆ ಸ್ವಲ್ಪ ತುಕ್ಕು,
ಅಥವಾ ತುಕ್ಕಿನಂಥದೇ ಬೇರೆ ಏನೋ.
ಒಂದು ಕಣ್ಣು ಮುಚ್ಚುತ್ತೇನೆ.