ತೋಟಕ್ಕೊಂದು ದೀರ್ಘ

ಮೂಡಿಗೆರೆಯಲ್ಲಿ ಯಾರು ಎದುರಾದರೂ ತೋಟದ ಮಾತು.
ಸೆವ್ರಿನ್ ಬಾಯಿಯ ಅಂಗಡಿಯಲ್ಲಿ ಮಾತ್ರ
ಕೊನೆಗೊಂದು ದೀರ್ಘ:
ತೋಟಾ.

ಹ್ಯಾಂಡ್‌ಪೋಸ್ಟಿಗೆ ಹೋಗುವ ರಸ್ತೆ, ಕೋವಿ ರಿಪೇರಿ ಬೋರ್ಡು.
ತೀರಿಹೋದ ಗಂಡನ ಹೆಸರು ಅಳಿಸದೆ, ತನ್ನದು ಬರೆಸದೆ
ಹನ್ನೊಂದು ವರ್ಷದಿಂದ ಅಲ್ಲೇ ಕೂತವಳು.

ಮೊದಲ ದಿನ ಲೈಸೆನ್ಸ್ ಕೇಳಿದಳು. ಪುಟ ತಿರುವಿ ಓದಿದಳು.
ಆಮೇಲೆ, "ಹಿರಿಯಣ್ಣ, ಬೀಡಿ ಸೇದ್ತೀಯಾ?"
ಇಲ್ಲ ಅಂದೆ.
ನನ್ನ ಜೇಬಿಗೆ ಕೈಹಾಕಿ ಬೆಂಕಿಪೊಟ್ಟಣ ತೆಗೆದು
ರಸ್ತೆಯಾಚೆಯ ಚರಂಡಿಗೆ ಎಸೆದಳು.
ಸುಳ್ಳಿಗೆ ದಂಡ ಒಂದು ಚಹಾ.
ಹೋಟೆಲಿನಿಂದ ತಂದುಕೊಟ್ಟವನೂ ನಾನೇ.

ಮದ್ದು ಅಂದರೆ ನಮ್ಮಲ್ಲಿ ಎರಡರ್ಥ.
ಒಂದನ್ನು ಡಾಕ್ಟರು ಅಳೆದು ಕೊಡುತ್ತಾರೆ,
ಇನ್ನೊಂದನ್ನು ಅಳೆಯುವ ಕೈ ನಮ್ಮದೇ.
ಎರಡಕ್ಕೂ ಅಡಿಗೆಮನೆಯ ಚಿಟಿಕೆ ಲೆಕ್ಕ ನಡೆಯುವುದಿಲ್ಲ.

ಆರು ತಿಂಗಳು ನನಗೆ ಮದ್ದಿನ ಡಬ್ಬಿಯ ಮುಚ್ಚಳವನ್ನೂ ತೋರಿಸಲಿಲ್ಲ.
ಮದ್ದಿನ ಜಾಗಕ್ಕೆ ರಾಗಿ,
ಚರೆಯ ಜಾಗಕ್ಕೆ ಕಾಳುಮೆಣಸು,
ಅಕ್ಕಸಾಲಿಗರಿಂದ ಕೊಂಡ ಪುಟ್ಟ ತಕ್ಕಡಿ.
ಗುಲಗಂಜಿಯಷ್ಟು ಆಚೀಚೆ ಆದರೆ
ಚೆಲ್ಲು. ಮತ್ತೆ ತೂಗು.
ಕನ್ನಡಕ ಎಲ್ಲಿ? ರಾಗಿಗೂ ಕನ್ನಡಕ ಹಾಕು.

ಎಲ್ಲ ಹೊಸಬರ ಪ್ರಶ್ನೆಗಳೂ ನನ್ನಲ್ಲಿದ್ದವು.
ಒಂದು ಖಾಲಿ ತೋಟಾ ಎಷ್ಟು ಸಲ ತುಂಬಬಹುದು?
"ಈ ಬಾಯಿಯನ್ನು ಕೇಳಬೇಡ, ಅದರ ಬಾಯಿ ನೋಡು."
ಕಿಟಕಿಯ ಬೆಳಕಿಗೆ ಹಿಡಿದಳು.
ಮಡಿಕೆಯಲ್ಲಿ ಕೂದಲೆಳೆ ಬಿರುಕು.
ಬುಟ್ಟಿಗೆ.

ಈ ಡಬ್ಬಿ ಮುಗಿದರೆ ಆ ಡಬ್ಬಿಯದ್ದು ಹಾಕಬಹುದಾ?
"ಬೆಳ್ಳಗಿರೋದೆಲ್ಲ ಹಾಲಲ್ಲ ಅಂತ ನಿಮ್ಮಮ್ಮ ಹೇಳಿಲ್ವಾ?
ಕಪ್ಪಗಿರೋದೂ ಹಂಗೇ."

ಕುದುರೆ ಎಳೆದೂ ಸಿಡಿಯದಿದ್ದರೆ?
"ಅಲುಗಾಡಬೇಡ. ಬಾಗಿಸಿ ಇಣುಕಬೇಡ. ಗುರಿಯ ಕಡೆಗೇ ನಳಿಗೆ ಹಿಡಿದು
ಮೂರು ನಮಾನ್ ಮರಿಯೆ ಹೇಳು."
ನನಗೆ ಅದು ಬರೋದಿಲ್ವಲ್ಲ.
"ಹತ್ತೊಂಬತ್ತರ ಮಗ್ಗಿ ಹೇಳು ಮಾರಾಯ. ತಪ್ಪಿದರೆ ಮೊದಲಿಂದ."

ಸ್ವಲ್ಪ ಜಾಸ್ತಿ ಹಾಕಿದರೆ ಸ್ವಲ್ಪ ದೂರ ಹೋಗುತ್ತಾ?
ಇದಕ್ಕೆ ಮಾತಾಡಲಿಲ್ಲ.
ಒಳಗಿಂದ ಒಂದು ನಳಿಗೆ ತಂದು ನನ್ನ ತೊಡೆಯ ಮೇಲಿಟ್ಟಳು.
ಬಾಳೆಹೂವಿನ ಪೊರೆ ಸುಲಿದಂತೆ
ಸುರುಳಿ ಸುರುಳಿ ಬಿಚ್ಚಿಕೊಂಡ ಉಕ್ಕು.
ಯಾರದ್ದು ಎಂದೆ.
"ಮಾತಾಡ್ತಾ ತುಂಬಿದವನದ್ದು. ಬದುಕಿದಾನೆ.
ಎಡಗೈಲಿ ಸಹಿ ಹಾಕೋದು ಕಲ್ತಿದಾನೆ."

ಏಳನೇ ತಿಂಗಳು ಡಬ್ಬಿ ಬಂತು. ಒಂದೇ ಡಬ್ಬಿ, ಒಂದೇ ಮೇಜು.
ಮಾರನೆಯ ದಿನ ಕ್ಲಬ್ಬಿನ ಮೈದಾನದಲ್ಲಿ
ಮಣ್ಣಿನ ತಟ್ಟೆ ಹಾರಿಸಿ ಹೊಡೆಯುವ ಪಂದ್ಯ.
ಇಪ್ಪತ್ತನಾಲ್ಕು ತುಂಬಬೇಕು.
ಹದಿಮೂರಕ್ಕೋ ಹದಿನಾಲ್ಕಕ್ಕೋ ಬಂದಾಗ
ಬಾಗಿಲಲ್ಲಿ ಒಬ್ಬ ಹುಡುಗ,
"ಅಣ್ಣಾ, ನೂರಕ್ಕೆ ಚಿಲ್ಲರೆ ಇದೆಯಾ?"
ತಲೆ ಎತ್ತಿದೆ. ಇಲ್ಲ ಎಂದೆ. ತಲೆ ತಗ್ಗಿಸಿದೆ.
ಅಷ್ಟೆ. ಕೈ ಮುಂದುವರಿಯಿತು.
ಎಲ್ಲ ಮಡಿಚಿ ಸಾಲಾಗಿ ನಿಲ್ಲಿಸಿದ ಮೇಲೆ
ಹೊಟ್ಟೆಯೊಳಗೆ ಒಂದು ಇರುವೆ ಹರಿಯಿತು:
ಒಂದಕ್ಕೆ ಎರಡು ಸಲ ಸುರಿದೆನೇ?

ಕೆಂಪು ಕೆಂಪು ಇಪ್ಪತ್ತನಾಲ್ಕು,
ಶಾಲೆಯ ಪ್ರಾರ್ಥನೆಗೆ ನಿಂತ ಮಕ್ಕಳ ಹಾಗೆ.
ತೂಗಿ ನೋಡಿದೆ. ಒಂದೊಂದು ಒಂದೊಂದು ತೂಕ,
ಯಾವುದನ್ನು ನಂಬಲಿ?
ಬಾಯಿ ಅಲ್ಲೇ ಕೂತು ಮೀನಿನ ಲೆಕ್ಕ ಬರೆಯುತ್ತಿದ್ದಳು,
ಕೇಳಿಸಿಕೊಂಡಳು, ಕತ್ತು ತಿರುಗಿಸಲಿಲ್ಲ.

ಒಂದೊಂದಾಗಿ ಬಿಚ್ಚಿದೆ.
ಚರೆ ಬೇರೆ ಬಟ್ಟಲಿಗೆ, ಮದ್ದು ಬೇರೆ ತಟ್ಟೆಗೆ.
ಕೊನೆಯದು ಬಿಚ್ಚುವಾಗ ಬೀದಿದೀಪ ಹತ್ತಿತ್ತು.
ಯಾವುದರಲ್ಲೂ ಎರಡು ಸಲ ಬಿದ್ದಿರಲಿಲ್ಲ.

ನನ್ನ ಖಾತೆಗೆ ಬಿಲ್ಲೆ ಇಪ್ಪತ್ತನಾಲ್ಕು, ಖಾಲಿ ತೋಟಾ ಇಪ್ಪತ್ತನಾಲ್ಕು ಎಂದು ಬರೆದು
ಅಡಿಗೆ ಗೆರೆ ಎಳೆದಳು.
ಪಂದ್ಯ ತಪ್ಪಿತು ಅಂತ ಅವಳೂ ಅನ್ನಲಿಲ್ಲ, ನಾನೂ ಅನ್ನಲಿಲ್ಲ.
ಎದ್ದು ಒಳಗೆ ಹೋದಳು.

ಅವತ್ತಿನ ಚಹಾ ಆಕೆಯೇ ಮಾಡಿ ತಂದಳು.
ಸಕ್ಕರೆ ಎರಡು ಸಲ ಬಿದ್ದಿತ್ತು.
ನಾನು ಹೇಳಲಿಲ್ಲ.