ಇಸ್ತ್ರಿ ಗಾಡಿಯ ಲೆಕ್ಕ

ಹೂಟಗಳ್ಳಿಯ ಹೊಂಗೆ ಮರದಡಿ
ಚಿಕ್ಕತಾಯಮ್ಮ ಕೆಂಡ ಊದುತ್ತಾಳೆ.
ಪೇಪರಿನಲ್ಲಿ ಗೆರೆ ಮೇಲೇರಿದೆ:
ಕೊಳ್ಳುವವರ ವಿಶ್ವಾಸ, ಶೇಕಡಾ ಇಷ್ಟು.
'ಯಾರ್‍ನ ಕೇಳಿ ಬರೆದವ್ರೆ ಇದ?'
ಅನ್ನುತ್ತಾ ಅದೇ ಹಾಳೆಯಲ್ಲಿ
ನನ್ನ ಒಂದೇ ಅಂಗಿ ಸುತ್ತಿದಳು.

ಅವಳ ಲೆಕ್ಕ ಬೇರೆ.
ಹೋದ ಯುಗಾದಿಗೆ ಫ್ಯಾಕ್ಟರಿಯ ನೀಲಿ ಅಂಗಿ
ದಿನಕ್ಕೆ ಅರವತ್ತು.
ಈಗ ಹದಿನೇಳು. ಮತ್ತೆ ಮೂರು ಬಿಳಿಯವು,
ಇಂಟರ್‌ವ್ಯೂಗೆ;
ಅವೇ ಮೂರು, ವಾರ ವಾರವೂ.

ಮೂರನೇ ಕ್ರಾಸಿನ ಬೋರಲಿಂಗು
ಕೆಲಸ ಹೋದದ್ದನ್ನು ಮನೆಯಲ್ಲಿ ಹೇಳಿಲ್ಲ.
ಸೋಮವಾರ ಬಂತೆಂದರೆ ಯೂನಿಫಾರಂ ತಂದು
'ಗೆರೆ ಚೆನ್ನಾಗಿ ಬರ್ಲಿ' ಅನ್ನುತ್ತಾನೆ.

ಇವಳಿಗೆ ಗೊತ್ತು.
ಕಾಲರಿನಲ್ಲಿ ಮೆಷಿನ್ ಎಣ್ಣೆಯ ವಾಸನೆಯಿಲ್ಲ.
ಕಾಸು ಕೇಳದೆ, ನೀರು ಚಿಮುಕಿಸಿ,
ಮೈಭಾರ ಹಾಕಿ ಒತ್ತುತ್ತಾಳೆ.
ಗೆರೆಯೇನೋ ಬರುತ್ತದೆ.