ಬಿಚ್ಚಿಟ್ಟ ಡಿಸ್ಕು

ಬೆಳಗಿನ ನಾಲ್ಕು. ದಕ್ಕೆಯಲ್ಲಿ ಐಸು ಒಡೆಯುವ ಸದ್ದು.
ಮೇಲಿನ ಕೋಣೆಯಲ್ಲಿ ನಾನು
ಕ್ಲೌಡಿನ ಬಿಲ್ಲು ನೋಡುತ್ತಿದ್ದೆ.
ನಮ್ಮ ತಕ್ಕಡಿಗಳ ಲೆಕ್ಕವೆಲ್ಲ
ಮುಂಬಯಿಯಲ್ಲೆಲ್ಲೋ, ನಾವು ಕಾಣದ ಕಟ್ಟಡದಲ್ಲಿ,
ಬಾಡಿಗೆ ಸರ್ವರಿನ ಮಡಿಲಲ್ಲಿ:
ಯಾವ ಬೋಟು, ಎಷ್ಟು ಬುಟ್ಟಿ ಬಂಗುಡೆ, ಯಾರು ಕೂಗಿದ ದರ.

ಡಿಸ್ಕುಗಳಲ್ಲಿ ಮೂರು ಬಗೆ ಎಂದು
ಧನಿ ಮೋನಾಕರಿಗೆ ಒಮ್ಮೆ ಹೇಳಹೋಗಿದ್ದೆ.
ಒಂದು ಯಂತ್ರದ ಒಳಗೇ ಇರುವುದು, ಬಲು ಚುರುಕು,
ಯಂತ್ರ ಸತ್ತರೆ ಅದರ ನೆನಪೂ ಸತ್ತಿತು.
"ಬೋಟಿನ ಹೊಟ್ಟೆಯ ಐಸು," ಅಂದರು, ಲುಂಗಿ ಎತ್ತಿ ಕಟ್ಟುತ್ತ,
"ಬೋಟು ಮುಳುಗಿದ ಮೇಲೆ ಐಸು ಹುಡುಕುತ್ತಾರಾ ಯಾರಾದರೂ?"
ಇನ್ನೊಂದು ಹೊರಗಿನದು.
ಈ ಸರ್ವರಿನಿಂದ ಬಿಚ್ಚಿ ಆ ಸರ್ವರಿಗೆ ಕಟ್ಟಬಹುದು,
ಯಾರು ಸತ್ತರೂ ಅದು ಉಳಿಯುತ್ತದೆ.
"ಗೋದಾಮು. ಖಾಲಿ ಇದ್ದರೂ ಬಾಡಿಗೆ ನಿಲ್ಲುವುದಿಲ್ಲ ನೋಡು."
ಅಗ್ಗದ, ನಿಧಾನದ ಮೂರನೆಯದಕ್ಕೆ ಬಾಯಿ ತೆರೆಯುವಷ್ಟರಲ್ಲಿ
ಒಣಮೀನಿನ ಲಾರಿ ಬಂತು, ಇಳಿದುಹೋದರು.
ಮೂರನೆಯದೂ ಅದೇ. ನಾನಿನ್ನೇನು ಹೇಳಲಿ.

ಸೆಕೆಂಡಿಗೆ ಎಷ್ಟು ಓದು, ಎಷ್ಟು ಬರಹ, ಅದರ ಮೇಲೆ ದರ.
ಏಲದ ಹೊತ್ತು ಗುಲಾಬಕ್ಕ ಕೂಗುವ ವೇಗ
ತಾಳಿಕೊಳ್ಳಬೇಕಲ್ಲ. ದುಬಾರಿಯದ್ದೇ ತೆಗೆದೆವು.

ಬಿಲ್ಲಿನ ಏಳನೇ ಸಾಲು:
ನಲವತ್ತು ಜಿಬಿ. ಯಾವುದಕ್ಕೂ ಕಟ್ಟಿಲ್ಲ.
ಹದಿನಾಲ್ಕು ತಿಂಗಳಿಂದ ಬಾಡಿಗೆ.
ನನಗಿಂತ ಮೊದಲಿದ್ದ ಪ್ರೆಸಿಲ್ಲಾ
ಹಳೆ ಸರ್ವರು ಅಳಿಸುವಾಗ
'ಡಿಸ್ಕನ್ನೂ ಅಳಿಸಲೇ' ಎಂಬ ಚೌಕಕ್ಕೆ ಟಿಕ್ ಹಾಕಿಲ್ಲ.
ಮರೆತಳೋ, ಬೇಕೆಂದೇ ಬಿಟ್ಟಳೋ.
ಈಗ ಕಂಕನಾಡಿಯ ಔಷಧದಂಗಡಿಯಲ್ಲಿ ಸ್ಟಾಕು ನೋಡುತ್ತಾಳೆ,
ಈ ಹೊತ್ತಿಗೆ ಫೋನು ಮಾಡುವಂತಿಲ್ಲ.

ಅಳಿಸುವ ಗುಂಡಿಯ ಮೇಲಿಟ್ಟ ಬೆರಳು ತೆಗೆದೆ.
ಸಣ್ಣದೊಂದು ಸರ್ವರು ಎಬ್ಬಿಸಿ, ಡಿಸ್ಕು ಕಟ್ಟಿ, ಒಳಗೆ ಹೋದೆ.
ಒಂದೇ ಕಡತ. ಹೆಸರು 'ಪರೀಕ್ಷೆ'.
ಬೋಟುಗಳೆಲ್ಲ ದಡಕ್ಕೆ ಕಟ್ಟಿದ ನಿಷೇಧದ ಎರಡು ತಿಂಗಳು,
ಹೊಸ ತಕ್ಕಡಿಗೆ ತೂಗಲು ಮೀನಿಲ್ಲದ ಕಾಲ.

ದಕ್ಕೆಯ ಬೆಕ್ಕು, ಮೂರೂಕಾಲು ಕಿಲೋ.
ಒದ್ದೆ ರೇನ್‌ಕೋಟು, ಒಂದು ಕಿಲೋ ನೂರು.
ಮೋನಾಕ, ಎಪ್ಪತ್ತೊಂದು, ಚಪ್ಪಲಿ ಸಹಿತ.
ಆಮೇಲೆ ಪ್ರತಿ ಸೋಮವಾರ, ಸುಗಂಧಿಯ ಮಗು,
ಬುಟ್ಟಿಯ ತೂಕ ಕಳೆದು:
ಮೂರು ನೂರು. ಮೂರು ಮುನ್ನೂರು. ಮೂರೂವರೆ.
ಹೀಗೇ ನಾಲ್ಕರವರೆಗೆ.
ಆಟಿ ಹಿಡಿದ ವಾರ ಮೂರು ಎಂಟುನೂರು.
ಪಕ್ಕದಲ್ಲಿ ಒಂದೇ ಮಾತು: ಭೇದಿ.

ಕಟ್ಟಿದ ಡಿಸ್ಕನ್ನು ಹಿಗ್ಗಿಸಬಹುದು, ಕುಗ್ಗಿಸಲು ಬರುವುದಿಲ್ಲ,
ಕೆಲಸಕ್ಕೆ ಸೇರಿದ ವಾರವೇ ಕಲಿತದ್ದು.
ಮಗುವಿಗೆ ಆ ನಿಯಮ ಯಾರೂ ಹೇಳಿರಲಿಲ್ಲ.
ಮುಂದಿನ ಸೋಮವಾರ
ಖಾಲಿ.
ಅದರಾಚೆಯದು ನಾಲ್ಕು ನೂರು.
ಹಿಡಿದಿಟ್ಟ ಉಸಿರು ಬಿಟ್ಟೆ, ಚಹಾ ಆರಿತ್ತು.
ಕೊನೆಯ ಸಾಲು ಆಗಸ್ಟಿನದು: ಬೂತಾಯಿ, ಎಂಬತ್ತು ಕಿಲೋ.

ಮೋನಾಕ ಮೆಟ್ಟಿಲು ಹತ್ತಿ ಬಂದರು.
"ಎಂತ ಉಂಟು ಅದರಲ್ಲಿ?"
ತಿಂಗಳಿಗೆ ಮುನ್ನೂರ ಇಪ್ಪತ್ತು ರೂಪಾಯಿ, ಅಂದೆ.
ಕನ್ನಡಕ ಮೇಲೆತ್ತಿ ಓದಿದರು, ನಿಧಾನ, ಪೂರ್ತಿ.
"ಎಪ್ಪತ್ತೊಂದು ಸುಳ್ಳು ಮಾರಾಯ್ತಿ,
ಕಿಸೆಯಲ್ಲಿ ಗೋದಾಮಿನ ಬೀಗದ ಗೊಂಚಲಿತ್ತು."
ಇಡು ಅನ್ನಲಿಲ್ಲ, ತೆಗೆ ಅನ್ನಲಿಲ್ಲ.

ಅಗ್ಗಕ್ಕೆ ಆಗುವ ದಾರಿಯೊಂದುಂಟು:
ಡಿಸ್ಕಿನ ಪಡಿಯಚ್ಚು ತೆಗೆದು, ಡಿಸ್ಕನ್ನು ಬಿಟ್ಟುಬಿಡುವುದು.
ಪಡಿಯಚ್ಚಿಗೆ ಹೆಸರು ಕೊಡಿ ಎಂದಿತು ಪರದೆ.
ಮಗುವಿನ ಹೆಸರು ಕೊಡೋಣವೆಂದು ಹುಡುಕಿದರೆ
ಕಡತದಲ್ಲಿ ಎಲ್ಲೂ ಇಲ್ಲ.
ತೂಕ ಉಂಟು, ತಾರೀಕು ಉಂಟು, ಬುಟ್ಟಿಯ ನಂಬರೂ ಉಂಟು.

ಕೆಳಗೆ ಗುಲಾಬಕ್ಕನ ಏಲ ಶುರುವಾಯಿತು.
ಐಸಿನ ಬುಟ್ಟಿ ಹೊತ್ತ ಸುಗಂಧಿ ಲಾರಿಯ ಹತ್ತಿರ ನಿಂತಿದ್ದಾಳೆ.
ಕೇಳಿ ಬರುತ್ತೇನೆ.
ಅಲ್ಲಿಯವರೆಗೆ ಆ ಚೌಕದಲ್ಲಿ
ಕರ್ಸರು ಮಿಟುಕುತ್ತಿರಲಿ.